ಯಂತ್ರಹೃದಯ, ಕೃತಕ ಕವಾಟ ಮತ್ತು ಮಕ್ಕಳ ಪಾರ್ಶ್ವವಾಯು

ಹೃದ್ರೋಗದಿಂದ ಬದುಕುವ ಆಸೆಯೇ ಇಲ್ಲದಿದ್ದ ಮಗುವೊಂದು ಇಂದು ಯಂತ್ರದ ಆಸರೆಯಿಂದ ಬದುಕಿ ಉಳಿಯುತ್ತದೆ. ಚೇತರಿಸಿಕೊಂಡು ಮತ್ತೆ ಶಾಲೆಗೆ ಬಂದು ತನ್ನ ಹಳೆಯ ಜಾಗದಲ್ಲಿ ಕೂರುತ್ತದೆ. ಇದು ನಮ್ಮ ಕಾಲದ ವೈದ್ಯಶಾಸ್ತ್ರದ ದೊಡ್ಡ ಸಾಧನೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಹೃದಯವನ್ನು ಉಳಿಸಿದ ಆ ಯಂತ್ರವೇ ಮೆದುಳಿಗೆ ಕುತ್ತು ತರಬಲ್ಲದೆಂಬ ಸಂಗತಿಯನ್ನು ಶಸ್ತ್ರಚಿಕಿತ್ಸೆಯ ಸುದ್ದಿ ಬರೆಯುವ ವೃತ್ತಪತ್ರಿಕೆಗಳು ಸಾಮಾನ್ಯವಾಗಿ ಹೇಳುವುದಿಲ್ಲ. ಆ ಕುತ್ತಿನ ಹೆಸರು ಪಾರ್ಶ್ವವಾಯು. ನಮ್ಮ ಕಡೆಯ ಮಾತಿನಲ್ಲಿ ಲಕ್ವ. ಮುಪ್ಪಿನ ಕಾಯಿಲೆಯೆಂದೇ ನಾವು ತಿಳಿದಿರುವ ಇದು ಎಂಟು ಹತ್ತು ವರ್ಷದ ಮಕ್ಕಳಿಗೂ ಬರುತ್ತದೆ; ಹೃದಯದಲ್ಲಿ ಕೃತಕ ಸಾಧನವಿರುವ ಮಕ್ಕಳಿಗೆ ಉಳಿದವರಿಗಿಂತ ಬಹಳ ಹೆಚ್ಚಾಗಿ ಬರುತ್ತದೆ.

ಇಂಥ ವಿಷಯಕ್ಕೆ ಶಾಲೆಯ ಸಂಚಿಕೆಯಲ್ಲಿ ಸ್ಥಳವೇಕೆಂದು ವಾಚಕರು ಕೇಳಬಹುದು. ಶಸ್ತ್ರಚಿಕಿತ್ಸೆ ನಡೆಯುವುದು ಒಂದು ದಿನ. ಆಸ್ಪತ್ರೆಯ ವಾಸ ಕೆಲವು ವಾರ. ಆನಂತರದ ಎಲ್ಲ ವರ್ಷಗಳನ್ನೂ ಮಗು ಕಳೆಯುವುದು ಮನೆಯಲ್ಲಿ, ತರಗತಿಯಲ್ಲಿ, ಪ್ರಸಾದ ನಿಲಯದಲ್ಲಿ. ಪಾರ್ಶ್ವವಾಯುವನ್ನು ತಡೆಯುವ ಕೆಲಸದ ಬಹುಪಾಲು ನಡೆಯಬೇಕಾದದ್ದು ಅಲ್ಲಿಯೇ.

ಮೊದಲು ಹೃದಯದ ಕಾರ್ಯವನ್ನು ನೆನೆಯೋಣ. ಹಳಿಯಾಳದ ಕಬ್ಬಿನ ಗದ್ದೆಗಳಲ್ಲಾಗಲಿ, ಮುಂಡಗೋಡದ ಭತ್ತದ ಗದ್ದೆಗಳಲ್ಲಾಗಲಿ ಪಂಪ್‌ಸೆಟ್ಟನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪಂಪು ನೀರನ್ನು ಎತ್ತಿದರೆ ಸಾಲದು, ಎತ್ತಿದ ನೀರು ಹಿಂದಕ್ಕೆ ಇಳಿಯದಂತೆ ಫುಟ್‌ವಾಲ್ವ್ ತಡೆಯಬೇಕು. ಹೃದಯದಲ್ಲಿ ಇಂಥ ನಾಲ್ಕು ಕವಾಟಗಳಿವೆ. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಅವು ತೆರೆದು ಮುಚ್ಚುತ್ತವೆ. ಕವಾಟ ಕೆಟ್ಟರೆ ಕವಾಟವನ್ನು ಬದಲಿಸಬಹುದು. ಸ್ನಾಯುವೇ ಸೋತು ಪಂಪು ನಿಲ್ಲುವ ಸ್ಥಿತಿ ಬಂದರೆ ಹೊರಗಿನ ಪಂಪೊಂದನ್ನು ಜೋಡಿಸಬಹುದು. ಮೊದಲನೆಯದು ಕೃತಕ ಕವಾಟ, ಎರಡನೆಯದು ಹೃದಯ ಸಹಾಯಕ ಯಂತ್ರ. ಎರಡೂ ಬೇರೆ ಬೇರೆ ಸಾಧನಗಳಾದರೂ ಅವುಗಳ ತೊಡಕು ಒಂದೇ ಜಾತಿಯದು.

ರಕ್ತನಾಳದ ಒಳಪದರವು ಬರಿಯ ಕೊಳವೆಯ ಗೋಡೆಯಲ್ಲ. ಅದು ಜೀವಂತವಾಗಿದ್ದು, ತನ್ನ ಮೇಲೆ ಹರಿಯುವ ರಕ್ತ ಹೆಪ್ಪುಗಟ್ಟದಂತೆ ಎಡೆಬಿಡದೆ ಕೆಲಸ ಮಾಡುತ್ತಿರುತ್ತದೆ. ಲೋಹಕ್ಕಾಗಲಿ, ಪ್ಲಾಸ್ಟಿಕ್ಕಿಗಾಗಲಿ ಆ ಗುಣವಿಲ್ಲ. ಪರಕೀಯ ಮೈಯನ್ನು ಮುಟ್ಟಿದೊಡನೆಯೇ ರಕ್ತದ ಸಸಾರಜನಕಗಳು ಅದರ ಮೇಲೆ ಪದರ ಕಟ್ಟುತ್ತವೆ. ಅದರ ಮೇಲೆ ಪ್ಲೇಟ್‌ಲೆಟ್ ಕಣಗಳು ಅಂಟುತ್ತವೆ. ಕ್ರಮೇಣ ನಾರಿನ ಬಲೆ ನೇಯ್ದುಕೊಂಡು ಹೆಪ್ಪು ಬೆಳೆಯುತ್ತದೆ. ಗಾಯವಾದಾಗ ನಮ್ಮ ಪ್ರಾಣ ಉಳಿಸುವ ಕ್ರಿಯೆಯೇ ಇಲ್ಲಿ ಶತ್ರುವಾಗುತ್ತದೆ. ಹರಿವು ಮಂದವಾದ ಮೂಲೆಗಳಲ್ಲಿ ಇದು ಇನ್ನೂ ಬೇಗ. ಕಾಳಿ ನದಿಯನ್ನು ಬಲ್ಲವರು ಈ ಮಾತನ್ನು ಒಡನೆ ಒಪ್ಪುವರು: ರಭಸದಿಂದ ಹರಿಯುವೆಡೆಯಲ್ಲಿ ಬಂಡೆಯೂ ಶುಭ್ರ, ನೀರು ನಿಂತ ಮಡುವಿನಲ್ಲಿ ಪಾಚಿ.

ಹೆಪ್ಪಿನ ತುಣುಕೊಂದು ಕಳಚಿ ರಕ್ತದೊಡನೆ ಹೊರಟರೆ ಎಲ್ಲಿಗೆ ಹೋಗುತ್ತದೆ? ಎಡ ಹೃದಯದಿಂದ ಹೊರಡುವ ಮಹಾಧಮನಿಯು, ಹೃದಯಕ್ಕೇ ಬೇಕಾದ ನಾಳಗಳನ್ನು ಕೊಟ್ಟ ನಂತರ, ಮೊದಲು ಕವಲೊಡೆಯುವುದು ತಲೆ ಮತ್ತು ತೋಳುಗಳ ಕಡೆಗೆ. ಆದ್ದರಿಂದ ತುಣುಕು ಮೆದುಳನ್ನು ಸೇರುವ ಸಂಭವ ಬಹಳ. ಅಲ್ಲಿ ಸಣ್ಣ ನಾಳವೊಂದನ್ನು ಅದು ಮುಚ್ಚಿದರೆ ಆ ಭಾಗದ ಮೆದುಳು ಉಸಿರಿಲ್ಲದೆ ಸಾಯತೊಡಗುತ್ತದೆ. ಇದು ಪಾರ್ಶ್ವವಾಯುವಿನ ಒಂದು ಬಗೆ. ಹೆಪ್ಪು ತಡೆಯಲು ಕೊಡುವ ಔಷಧಿ ಮಿತಿಮೀರಿದರೆ ಮೆದುಳಿನೊಳಗೆ ರಕ್ತ ಸೋರಬಹುದು. ಅದು ಇನ್ನೊಂದು ಬಗೆ. ಸಾಧನವಿರುವ ಮಗು ಈ ಎರಡರ ನಡುವಿನ ಇಕ್ಕಟ್ಟಾದ ಹಾದಿಯಲ್ಲಿ ಜೀವಮಾನವೆಲ್ಲ ನಡೆಯಬೇಕು.

ಈ ತೊಡಕು ಯಂತ್ರಹೃದಯದ ಆರಂಭದಿಂದಲೂ ಬೆನ್ನು ಬಿಟ್ಟಿಲ್ಲ. 1982ರ ಡಿಸೆಂಬರಿನಲ್ಲಿ ಅಮೆರಿಕದ ಯೂಟಾದಲ್ಲಿ ದಂತವೈದ್ಯರೊಬ್ಬರಿಗೆ ಜಾರ್ವಿಕ್-7 ಎಂಬ ಸಂಪೂರ್ಣ ಕೃತಕ ಹೃದಯವನ್ನು ಜೋಡಿಸಿದಾಗ ಜಗತ್ತೇ ಬೆರಗಾಯಿತು. ಅವರು 112 ದಿನ ಬದುಕಿದರು. 1984ರಲ್ಲಿ ಅದೇ ಯಂತ್ರವನ್ನು ಪಡೆದ ಎರಡನೆಯ ವ್ಯಕ್ತಿ 620 ದಿನ ಬದುಕಿದರು. ಆದರೆ ಕೆಲವೇ ವಾರಗಳೊಳಗೆ ಅವರಿಗೆ ಪಾರ್ಶ್ವವಾಯು ಬಡಿಯಿತು, ಮುಂದೆಯೂ ಮರುಕಳಿಸಿತು. ಪಂಪು ಕೆಟ್ಟಿರಲಿಲ್ಲ. ರಕ್ತವು ಪಂಪನ್ನು ತನ್ನದೆಂದು ಒಪ್ಪಿಕೊಂಡಿರಲಿಲ್ಲ, ಅಷ್ಟೆ.

ಮಕ್ಕಳಿಗೆ ತಕ್ಕ ಯಂತ್ರ ರೂಪುಗೊಂಡದ್ದು ಜರ್ಮನಿಯ ಬರ್ಲಿನ್ನಿನಲ್ಲಿ. ಬರ್ಲಿನ್ ಹಾರ್ಟ್ ಎಕ್ಸ್‌ಕಾರ್ ಎಂಬ ಈ ಪಂಪನ್ನು 1990ರಿಂದ ಮಕ್ಕಳಲ್ಲಿ ಬಳಸುತ್ತಿದ್ದಾರೆ. ಇದು ದೇಹದೊಳಗಿಲ್ಲ, ಹೊಟ್ಟೆಯ ಮೇಲ್ಭಾಗದ ಹೊರಗೆ ಕೊಳವೆಗಳ ತುದಿಯಲ್ಲಿರುತ್ತದೆ. ಗಾಳಿಯ ಒತ್ತಡದಿಂದ ಒಳಗಿನ ಪೊರೆ ಹಿಂದು ಮುಂದಾಗುತ್ತ ರಕ್ತವನ್ನು ದೂಡುತ್ತದೆ. ಅತಿ ಚಿಕ್ಕ ಪಂಪಿನಲ್ಲಿ ಒಂದು ಬಡಿತಕ್ಕೆ ಹಿಡಿಯುವ ರಕ್ತ 10 ಮಿಲಿಲೀಟರು, ಅಂದರೆ ಎರಡು ಚಹದ ಚಮಚೆಯಷ್ಟು. ಪಂಪಿನ ಕೋಶ ಪಾರದರ್ಶಕವಾಗಿರುವುದರಿಂದ ದಾದಿಯರು ದಿನಕ್ಕೆ ಹಲವು ಸಲ ಬ್ಯಾಟರಿ ದೀಪ ಹಿಡಿದು ಅದರ ಮೂಲೆಮೂಲೆಯನ್ನೂ ನೋಡುತ್ತಾರೆ. ಬಿಳಿಯ ನಾರಿನೆಳೆಯೊ ಕಪ್ಪು ಚುಕ್ಕೆಯೊ ಕಂಡರೆ ಗುರುತು ಹಾಕಿಕೊಳ್ಳುತ್ತಾರೆ. ಅದು ಬೆಳೆಯುತ್ತಿದ್ದರೆ ಅಥವಾ ಅಲುಗಾಡುತ್ತಿದ್ದರೆ ಪಂಪನ್ನೇ ಬದಲಿಸುತ್ತಾರೆ. ಇಷ್ಟು ನಾಜೂಕಿನ ಯಂತ್ರಕ್ಕೆ ಕೊನೆಯ ಕಾವಲು ಮನುಷ್ಯನ ಕಣ್ಣು ಮತ್ತು ಒಂದು ಕೈದೀಪ.

ಈ ಪಂಪಿನ ಕ್ರಮಬದ್ಧ ಪರೀಕ್ಷೆಯ ಫಲಿತಾಂಶ ಅಮೆರಿಕದಲ್ಲಿ 2012ರಲ್ಲಿ ಪ್ರಕಟವಾಯಿತು. 16 ವರ್ಷದೊಳಗಿನ 48 ಮಕ್ಕಳನ್ನು ದೇಹಗಾತ್ರಕ್ಕನುಸಾರ 24ರ ಎರಡು ಗುಂಪು ಮಾಡಿ ನೋಡಿದ್ದರು. ಹತ್ತರಲ್ಲಿ ಸುಮಾರು ಒಂಬತ್ತು ಮಕ್ಕಳು ಬದಲಿ ಹೃದಯ ದೊರೆಯುವವರೆಗೆ ಅಥವಾ ತಮ್ಮದೇ ಹೃದಯ ಚೇತರಿಸುವವರೆಗೆ ಉಳಿದರು. ಮೊದಲಿನ ವಿಧಾನಗಳಿಗೆ ಹೋಲಿಸಿದರೆ ಇದು ಅಸಾಧಾರಣ ಫಲ. ಆದರೆ ಎರಡೂ ಗುಂಪುಗಳಲ್ಲಿ ಶೇಕಡಾ 29ರಷ್ಟು ಮಕ್ಕಳಿಗೆ ಪಾರ್ಶ್ವವಾಯು ತಗಲಿತು. ಹತ್ತು ಮಕ್ಕಳನ್ನು ಉಳಿಸಹೊರಟರೆ ಮೂವರ ಮೆದುಳಿಗೆ ಪೆಟ್ಟು! ತಂದೆತಾಯಿಗಳ ಮುಂದೆ ಈ ಲೆಕ್ಕವನ್ನು ಇಡಬೇಕಾದ ವೈದ್ಯರ ಸ್ಥಿತಿಯನ್ನು ನಾವು ಊಹಿಸಿಕೊಳ್ಳಬಹುದು.

ಮಕ್ಕಳಲ್ಲೇ ಇದೇಕೆ ಇಷ್ಟು ಹೆಚ್ಚು? ಚಿಕ್ಕ ಪಂಪಿನಲ್ಲಿ, ಸಣ್ಣ ಕೊಳವೆಯಲ್ಲಿ ರಕ್ತದ ಹರಿವು ಮಂದ. ಎಳೆಯ ಮಕ್ಕಳ ರಕ್ತದಲ್ಲಿ ಹೆಪ್ಪುಗಟ್ಟಿಸುವ ಹಾಗೂ ತಡೆಯುವ ವಸ್ತುಗಳ ಪ್ರಮಾಣ ದೊಡ್ಡವರಂತಿಲ್ಲ. ಔಷಧಿಯ ಅಳತೆ ತೂಕದೊಡನೆ ಬದಲಾಗುತ್ತಿರುತ್ತದೆ, ಮಗುವೋ ಬೆಳೆಯುತ್ತಿರುತ್ತದೆ. ಸೋಂಕು ತಗಲಿದರೆ ಹೆಪ್ಪುಗಟ್ಟುವ ಸ್ವಭಾವ ಏರುತ್ತದೆ. ಇದೆಲ್ಲದರ ಮೇಲೆ, ತನ್ನ ಕೈ ಜೋಮು ಹಿಡಿದಿದೆಯೆಂದು ಹೇಳಲು ಎರಡು ವರ್ಷದ ಕೂಸಿಗೆ ಬಾಯಿಲ್ಲ. ಮುಂದಿನ ವರ್ಷಗಳಲ್ಲಿ ಆಸ್ಪತ್ರೆಗಳು ಒಂದುಗೂಡಿ ಅನುಭವ ಹಂಚಿಕೊಂಡು, ರಕ್ತ ತೆಳುಮಾಡುವ ಔಷಧಿಯನ್ನು ಬದಲಿಸಿ, ರಕ್ತದೊತ್ತಡವನ್ನು ಹತೋಟಿಯಲ್ಲಿಟ್ಟು ಈ ಪ್ರಮಾಣವನ್ನು ಗಣನೀಯವಾಗಿ ತಗ್ಗಿಸಿವೆ. ದೊಡ್ಡ ಮಕ್ಕಳಿಗೆ ಹಾರ್ಟ್‌ಮೇಟ್-3 ಎಂಬ, ಅಯಸ್ಕಾಂತದ ಬಲದಿಂದ ತೇಲುತ್ತ ತಿರುಗುವ ಚಕ್ರವುಳ್ಳ ಪಂಪು ಬಂದಿದೆ. ಅದರಲ್ಲಿ ಹೆಪ್ಪು ಕಟ್ಟುವುದು ಬಹಳ ಕಡಿಮೆ. ಎಚ್‌ವ್ಯಾಡ್ ಎಂಬ ಇನ್ನೊಂದು ಪಂಪನ್ನು ಪಾರ್ಶ್ವವಾಯು ಮೊದಲಾದ ತೊಂದರೆಗಳು ಹೆಚ್ಚಾಗಿ ಕಂಡುದರಿಂದ 2021ರಲ್ಲಿ ತಯಾರಕರೇ ಮಾರಾಟದಿಂದ ಹಿಂತೆಗೆದುಕೊಂಡರು.

ನಮ್ಮ ನಾಡಿನಲ್ಲಿ 2008ರಲ್ಲಿ ಬೆಂಗಳೂರಿನ ನಾರಾಯಣ ಹೃದಯಾಲಯದಲ್ಲಿ ಡಾ. ದೇವಿ ಶೆಟ್ಟಿಯವರ ತಂಡವು ವಯಸ್ಕ ರೋಗಿಯೊಬ್ಬರಿಗೆ ಇಂಥ ಸಹಾಯಕ ಪಂಪನ್ನು ಜೋಡಿಸಿತ್ತು. ಆದರೆ ಹಲವು ಹತ್ತು ಲಕ್ಷ ರೂಪಾಯಿ ಬೆಲೆಯ ಈ ಯಂತ್ರ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಬಡ ಮಕ್ಕಳಿಗೆ ಸದ್ಯಕ್ಕೆ ದೂರದ ಮಾತು. ನಮ್ಮ ಮಕ್ಕಳ ಎದೆಯಲ್ಲಿ ಇರಬಹುದಾದ ಯಂತ್ರ ಯಾವುದೆಂದರೆ ಕೃತಕ ಕವಾಟ. ಅದರ ಕಥೆಯನ್ನು ತುಸು ವಿಸ್ತಾರವಾಗಿ ಹೇಳುವುದು ಅಗತ್ಯ.

ಮಕ್ಕಳ ಕವಾಟ ಕೆಡುವ ಮುಖ್ಯ ಕಾರಣಗಳಲ್ಲಿ ಒಂದು ರುಮ್ಯಾಟಿಕ್ ಜ್ವರ. ಐದರಿಂದ ಹದಿನೈದು ವರ್ಷದ ನಡುವೆ, ಸ್ಟ್ರೆಪ್ಟೋಕಾಕಸ್ ಎಂಬ ಸೂಕ್ಷ್ಮಾಣುವಿನಿಂದ ಬರುವ ಗಂಟಲು ನೋವೇ ಇದರ ಮೂಲ. ಒಂದೆರಡು ವಾರದ ಮೇಲೆ ಜ್ವರ, ಮೊಣಕಾಲು ಮೊಣಕೈ ಕೀಲುಗಳಲ್ಲಿ ಊತ. ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ಅಲೆಯುತ್ತದೆ. ಕೀಲು ವಾಸಿಯಾಗುತ್ತದೆ, ಕವಾಟ ಮಾತ್ರ ಒಳಗೊಳಗೆ ದಪ್ಪಗಟ್ಟಿ ಕುಗ್ಗುತ್ತದೆ. ಇಕ್ಕಟ್ಟಾದ ಮನೆ, ಒಂದೇ ಕೋಣೆಯಲ್ಲಿ ಹಲವರ ನಿದ್ರೆ, ದೂರದ ಆಸ್ಪತ್ರೆ: ಇವು ಇರುವಲ್ಲಿ ಈ ರೋಗ ಇರುತ್ತದೆ. ಗಂಟಲು ನೋವಿಗೆ ಸಕಾಲದಲ್ಲಿ ಪೆನಿಸಿಲಿನ್ ಕೊಟ್ಟರೆ, ಒಮ್ಮೆ ಜ್ವರ ಬಂದವರಿಗೆ ಮೂರು ನಾಲ್ಕು ವಾರಕ್ಕೊಮ್ಮೆ ತಪ್ಪದೆ ಪೆನಿಸಿಲಿನ್ ಚುಚ್ಚುಮದ್ದು ಕೊಡುತ್ತಿದ್ದರೆ ಕವಾಟ ಬದಲಿಸುವ ಪ್ರಸಂಗ ಬಹುಮಟ್ಟಿಗೆ ತಪ್ಪುತ್ತದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳು ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹುಡುಕುವ ಕಾಯಿಲೆಗಳ ಪಟ್ಟಿಯಲ್ಲಿ ಇದೂ ಸೇರಿದೆ. ತಂಡ ಬರುವ ದಿನ ಗೈರುಹಾಜರಾಗುವ ಮಕ್ಕಳೇ ಅನೇಕ ವೇಳೆ ದುರ್ಬಲ ಮಕ್ಕಳಾಗಿರುತ್ತಾರೆಂಬುದನ್ನು ಶಿಕ್ಷಕರು ಮರೆಯಬಾರದು.

ಕೆಟ್ಟ ಕವಾಟವನ್ನು ಮಕ್ಕಳಲ್ಲಿ ಸಾಧ್ಯವಾದಷ್ಟೂ ರಿಪೇರಿ ಮಾಡುವುದೇ ಲೇಸೆಂದು ಶಸ್ತ್ರವೈದ್ಯರ ಮತ. ಅದು ಆಗದಿದ್ದಲ್ಲಿ ಯಾಂತ್ರಿಕ ಕವಾಟ. ಭಾರತದಲ್ಲೇ ತಯಾರಾದ ಮೊದಲ ಕವಾಟವನ್ನು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ. ಎಸ್. ವಲಿಯತ್ತಾನ್ ಅವರ ನೇತೃತ್ವದಲ್ಲಿ ರೂಪಿಸಿದರು. ಮೊದಲ ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತವು, ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರ್ 6ರಂದು ಅದನ್ನು ಮೊದಲ ಬಾರಿ ರೋಗಿಯೊಬ್ಬರಿಗೆ ಅಳವಡಿಸಲಾಯಿತು. ಮಿಶ್ರಲೋಹದ ಬಳೆಯೊಳಗೆ ಪ್ಲಾಸ್ಟಿಕ್ಕಿನ ಬಿಲ್ಲೆಯೊಂದು ವಾಲಿ ತೆರೆಯುತ್ತ ಮುಚ್ಚುತ್ತ ಇರುವ ಈ ಸರಳ ಸಾಧನ ಟಿ.ಟಿ.ಕೆ. ಚಿತ್ರಾ ಎಂಬ ಹೆಸರಿನಿಂದ ವಿದೇಶಿ ಕವಾಟಗಳಿಗಿಂತ ಅಗ್ಗವಾಗಿ ದೊರೆಯುವಂತಾಗಿ, ಲಕ್ಷಕ್ಕೂ ಹೆಚ್ಚು ಮಂದಿಯ ಎದೆಯಲ್ಲಿ ಸ್ಥಾನ ಪಡೆದಿದೆ. ಡಾ. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಗಳಾಗಿ ಬಂದುದು ಹಲವರಿಗೆ ನೆನಪಿರಬಹುದು.

ಯಾಂತ್ರಿಕ ಕವಾಟವಿರುವ ಮಗುವಿನ ಎದೆಯಿಂದ ಗಡಿಯಾರದಂಥ ಟಿಕ್ ಟಿಕ್ ಸದ್ದು ಕೇಳುತ್ತದೆ. ಪರೀಕ್ಷೆಯ ಕೋಣೆಯ ನಿಶ್ಶಬ್ದದಲ್ಲಿ ಪಕ್ಕದ ಹುಡುಗರಿಗೂ ಕೇಳಿಸುವುದುಂಟು. ಅವರು ನಗುವುದೂ ಉಂಟು. ಶಿಕ್ಷಕರು ಮೊದಲೇ ತರಗತಿಗೆ ನಾಲ್ಕು ಮಾತಿನಲ್ಲಿ ತಿಳಿಸಿಹೇಳಿದರೆ ಆ ನಗೆ ಕುತೂಹಲವಾಗುತ್ತದೆ. ಈ ಸದ್ದಿಗೆ ಇನ್ನೊಂದು ಅರ್ಥವೂ ಇದೆ. ಯಾವಾಗಲೂ ಸ್ಫುಟವಾಗಿ ಕೇಳುತ್ತಿದ್ದ ಸದ್ದು ಮಂದವಾದರೆ, ಅಥವಾ ನಿಂತಂತೆ ತೋರಿದರೆ, ಬಿಲ್ಲೆಯ ಮೇಲೆ ಹೆಪ್ಪು ಕಟ್ಟುತ್ತಿರಬಹುದು. ಅದೇ ದಿನ ಆಸ್ಪತ್ರೆ ಸೇರಬೇಕು.

ಹೆಪ್ಪನ್ನು ತಡೆಯುವ ಮದ್ದು ವಾರ್ಫರಿನ್ ಎಂಬ ಗುಳಿಗೆ, ಅಥವಾ ಅದರ ಬಂಧುವಾದ ಅಸೆನೊಕುಮರಾಲ್. ವಾರ್ಫರಿನ್ನಿನ ಹುಟ್ಟು ಸ್ವಾರಸ್ಯಕರ. 1920ರ ದಶಕದಲ್ಲಿ ಉತ್ತರ ಅಮೆರಿಕದ ಬಯಲುಗಳಲ್ಲಿ ಕೆಟ್ಟುಹೋದ ಒಂದು ಬಗೆಯ ಮೇವನ್ನು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಾರ್ಲ್ ಪಾಲ್ ಲಿಂಕ್ ಮತ್ತು ಸಂಗಡಿಗರು ಆ ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿದರು. ಅದರಿಂದ ಬೆಳೆದ ವಾರ್ಫರಿನ್ 1948ರಲ್ಲಿ ಮೊದಲು ಇಲಿಪಾಷಾಣವಾಗಿ, 1950ರ ದಶಕದಲ್ಲಿ ಮನುಷ್ಯರಿಗೆ ಔಷಧಿಯಾಗಿ ಬಳಕೆಗೆ ಬಂತು. ಅದರ ಹೆಸರಿನ ಮೊದಲ ಅಕ್ಷರಗಳು ಆ ಸಂಶೋಧನೆಗೆ ಹಣ ನೀಡಿದ ಸಂಸ್ಥೆಯ ಹೆಸರಿನಿಂದ ಬಂದವು: ವಿಸ್ಕಾನ್ಸಿನ್ ಹಳೆಯ ವಿದ್ಯಾರ್ಥಿಗಳ ಸಂಶೋಧನಾ ಪ್ರತಿಷ್ಠಾನ. ಹಳೆಯ ವಿದ್ಯಾರ್ಥಿಗಳ ಸಂಘವೊಂದು ಒಂದು ಔಷಧಿಗೆ ಹೆಸರಾದ ಉದಾಹರಣೆ ಬೇರೆ ಇದೆಯೋ ಇಲ್ಲವೋ ಕಾಣೆ.

1994ರಲ್ಲಿ ಪ್ರಕಟವಾದ, ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ಪರಿಶೀಲನೆಯ ಪ್ರಕಾರ, ಯಾಂತ್ರಿಕ ಕವಾಟವಿರುವ ನೂರು ಮಂದಿ ಈ ಬಗೆಯ ಮದ್ದು ತೆಗೆದುಕೊಳ್ಳದಿದ್ದರೆ ವರ್ಷಕ್ಕೆ ಸುಮಾರು 4 ಮಂದಿಗೆ ಹೆಪ್ಪಿನ ತುಣುಕಿನಿಂದ ಭಾರಿ ಆಘಾತವಾಗುತ್ತದೆ. ತೆಗೆದುಕೊಂಡರೆ ಸುಮಾರು ಒಬ್ಬರಿಗೆ. ನಾಲ್ಕು ಸಣ್ಣ ಅಂಕಿಯಂತೆ ಕಾಣಬಹುದು. ಆದರೆ ಹತ್ತನೆಯ ವಯಸ್ಸಿನಲ್ಲಿ ಕವಾಟ ಪಡೆದ ಬಾಲಕಿಯ ಮುಂದೆ ಐವತ್ತು ವರ್ಷಗಳಿವೆ. ಪ್ರತಿ ವರ್ಷವೂ ಅದೇ ಅಪಾಯವನ್ನು ಅವಳು ಹೊಸದಾಗಿ ದಾಟಬೇಕು. ರಕ್ತ ತೆಳುಮಾಡುವ ಹೊಸ ಗುಳಿಗೆಗಳು ಬಂದಿವೆಯಲ್ಲ, ಅವನ್ನೇ ಕೊಡಬಾರದೇಕೆಂದು ತಿಳಿದವರು ಕೆಲವರು ಕೇಳುತ್ತಾರೆ. ಅವುಗಳಲ್ಲೊಂದಾದ ಡಬಿಗಟ್ರಾನನ್ನು ಯಾಂತ್ರಿಕ ಕವಾಟವಿರುವವರಲ್ಲಿ ಪರೀಕ್ಷಿಸಿದಾಗ ಹೆಪ್ಪೂ ಹೆಚ್ಚು, ರಕ್ತಸ್ರಾವವೂ ಹೆಚ್ಚು ಕಂಡು, ಪರೀಕ್ಷೆಯನ್ನೇ ನಡುವೆ ನಿಲ್ಲಿಸಬೇಕಾಯಿತು. ಆ ವರದಿ ಬಂದದ್ದು 2013ರಲ್ಲಿ. ಹೀಗಾಗಿ ಹಳೆಯ ವಾರ್ಫರಿನ್ನಿಗೆ ಇಲ್ಲಿ ಬದಲಿಯಿಲ್ಲ.

ವಾರ್ಫರಿನ್ನಿನ ಕಷ್ಟವೆಂದರೆ ಅದರ ಅಳತೆ ಎಲ್ಲರಿಗೂ ಒಂದೇ ಅಲ್ಲ, ಒಬ್ಬರಿಗೇ ಎಲ್ಲ ಕಾಲಕ್ಕೂ ಒಂದೇ ಅಲ್ಲ. ಆದ್ದರಿಂದ ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತಿದೆಯೆಂದು ಆಗಾಗ ಅಳೆಯಬೇಕು. ಆ ಅಳತೆಯನ್ನು ಐ.ಎನ್.ಆರ್. ಎನ್ನುತ್ತಾರೆ. ಮದ್ದಿಲ್ಲದ ಆರೋಗ್ಯವಂತರಲ್ಲಿ ಅದು ಸುಮಾರು 1. ಎಡ ಹೃದಯದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟವನ್ನು ಬದಲಿಸಿದ್ದರೆ ಸಾಮಾನ್ಯವಾಗಿ 2.5ರಿಂದ 3.5ರೊಳಗೆ, ಮಹಾಧಮನಿಯ ಕವಾಟವಾದರೆ ಸಾಮಾನ್ಯವಾಗಿ 2ರಿಂದ 3ರೊಳಗೆ ಇರಬೇಕು. ಯಾವ ಮಗುವಿಗೆ ಎಷ್ಟೆಂಬುದನ್ನು ಅದರ ವೈದ್ಯರೇ ಬರೆದುಕೊಡುತ್ತಾರೆ. ಕೆಳಗಿಳಿದರೆ ಹೆಪ್ಪು, ಮೇಲೇರಿದರೆ ಸ್ರಾವ. ಅಳತೆ ಸ್ಥಿರವಾದ ಮೇಲೂ ತಿಂಗಳಿಗೊಮ್ಮೆ ಪರೀಕ್ಷೆ ಬೇಕು. ಮೊದಮೊದಲು ವಾರಕ್ಕೊಮ್ಮೆಯೂ ಬೇಕಾದೀತು.

ಈಗ ಜೋಯಿಡಾ ತಾಲೂಕಿನ ಒಳಗಿನ ಒಂದು ವಾಡೆಯ ಬಾಲಕಿಯನ್ನು ಕಲ್ಪಿಸಿಕೊಳ್ಳೋಣ. ಆ ತಾಲೂಕು ವಿಸ್ತಾರದಲ್ಲಿ ದೊಡ್ಡದು, ಜನವಸತಿಯಲ್ಲಿ ವಿರಳ. ಉಳವಿಯ ಜಾತ್ರೆಗೆ ಹೋಗಿಬಂದವರಿಗೆ ಕಾಡಿನ ಆ ದಾರಿ ಪರಿಚಿತ. ಬಾಲಕಿಗೆ ದೂರದ ನಗರದಲ್ಲಿ ಶಸ್ತ್ರಚಿಕಿತ್ಸೆಯಾಗಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಂಥ ಯೋಜನೆ ಆಸ್ಪತ್ರೆಯ ದೊಡ್ಡ ವೆಚ್ಚವನ್ನು ಹೊತ್ತಿದೆ ಎಂದಿಟ್ಟುಕೊಳ್ಳೋಣ. ಇನ್ನು ಪ್ರತಿ ತಿಂಗಳೂ ತಂದೆ ಒಂದು ದಿನದ ಕೂಲಿ ಬಿಟ್ಟು, ಮಗಳನ್ನು ಕರೆದುಕೊಂಡು ಬಸ್ಸು ಹಿಡಿಯಬೇಕು. ಹತ್ತಿರದಲ್ಲಿ ಪರೀಕ್ಷೆಯಾಗದಿದ್ದರೆ ದಾಂಡೇಲಿಗೆ ಬಂದು, ಅಲ್ಲಿಂದ ಸುಮಾರು 55 ಕಿಲೋಮೀಟರು ದೂರದ ಧಾರವಾಡಕ್ಕೆ ಹೋಗಬೇಕು; ಜಿಲ್ಲಾ ಕೇಂದ್ರವಾದ ಕಾರವಾರಕ್ಕೆಂದರೆ ಅಣಶಿ ಘಟ್ಟ ಇಳಿಯಬೇಕು. ಮೊದಲ ವರ್ಷ ಹೋಗುತ್ತಾರೆ. ಮಗಳು ಓಡಾಡಿಕೊಂಡು ಚೆನ್ನಾಗಿದ್ದಾಳೆ. ಆಷಾಢದ ಮಳೆಯಲ್ಲಿ ಒಂದು ತಿಂಗಳು ತಪ್ಪುತ್ತದೆ, ಏನೂ ಆಗುವುದಿಲ್ಲ. ಇನ್ನೊಂದು ತಪ್ಪುತ್ತದೆ. ಗುಳಿಗೆ ತೀರಿದಾಗ ಹತ್ತು ದಿನ ತಡವಾಗುತ್ತದೆ. ಪಾರ್ಶ್ವವಾಯು ಬರುವುದು ಹೀಗೆ, ಸದ್ದಿಲ್ಲದೆ, ಬಸ್ಸಿನ ದರದ ಮತ್ತು ಕೂಲಿಯ ಲೆಕ್ಕಾಚಾರದ ನಡುವಿನಿಂದ. ಇಲ್ಲಿ ಯಾರನ್ನೂ ದೂರಿ ಫಲವಿಲ್ಲ. ತಂದೆಗೆ ಅಜ್ಞಾನವೆಂದು ಹೇಳಿಬಿಡುವುದಂತೂ ಅನ್ಯಾಯ.

ಮುಂಡಗೋಡದವರಿಗೆ ಹುಬ್ಬಳ್ಳಿ ಸುಮಾರು 50 ಕಿಲೋಮೀಟರು, ಹಳಿಯಾಳದವರಿಗೆ ಧಾರವಾಡ ಸುಮಾರು 40. ಅವರ ಕಷ್ಟ ಅಷ್ಟರಮಟ್ಟಿಗೆ ಕಡಿಮೆ.

ಆಹಾರದ ವಿಷಯದಲ್ಲಿ ತಪ್ಪು ತಿಳಿವಳಿಕೆಗಳು ಬಹಳ. ವಾರ್ಫರಿನ್ ಕೆಲಸ ಮಾಡುವುದು ಕೆ ಜೀವಸತ್ವದ ಎದುರಾಗಿ. ಆ ಜೀವಸತ್ವ ಹೇರಳವಾಗಿರುವುದು ಹಸಿರು ಸೊಪ್ಪಿನಲ್ಲಿ. ಹಾಗೆಂದು ಸೊಪ್ಪನ್ನು ಪೂರ್ತಿ ಬಿಡಿಸುವುದು ಸರಿಯಲ್ಲ. ಬೆಳೆಯುವ ಮಗುವಿಗೆ ಅದು ಬೇಕು. ಬೇಕಾದದ್ದು ಪ್ರಮಾಣದ ಸಮತೆ. ವಾರಕ್ಕೆ ಎರಡು ದಿನ ಮೆಂತ್ಯ, ರಾಜಗಿರಿ, ಪಾಲಕ ಪಲ್ಯ ತಿನ್ನುವ ಮಗು ಎಲ್ಲ ವಾರವೂ ಹಾಗೆಯೇ ತಿನ್ನಲಿ. ತೊಡಕಾಗುವುದು ಮಳೆಗಾಲದಲ್ಲಿ: ಚಗಟೆಯಂಥ ಕಾಡು ಸೊಪ್ಪು ಹೇರಳವಾಗಿ ದೊರೆತು ದಿನವೂ ಅದೇ ಪಲ್ಯವಾದಾಗ ಐ.ಎನ್.ಆರ್. ಇಳಿಯಬಹುದು, ಬೇಸಿಗೆಯಲ್ಲಿ ಸೊಪ್ಪೇ ಇಲ್ಲದಾಗ ಏರಬಹುದು. ಆದ್ದರಿಂದ ಋತು ಬದಲಾದಾಗ ಒಂದು ಪರೀಕ್ಷೆ ಹೆಚ್ಚಿಗೆ ಮಾಡಿಸುವುದು ಒಳಿತು.

ಇನ್ನು ಬೇರೆ ಔಷಧಿಗಳು. ಮೈಕೈ ನೋವಿಗೆಂದು ಅಂಗಡಿಯಲ್ಲಿ ಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ರಕ್ತಸ್ರಾವದ ಭಯ ತರುತ್ತವೆ. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ವಾರ್ಫರಿನ್ನಿನ ಬಲವನ್ನು ಹೆಚ್ಚಿಸುತ್ತದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ಬಹಳ ತಗ್ಗಿಸುತ್ತದೆ. ಗಿಡಮೂಲಿಕೆಯ ಕಷಾಯವಾದರೂ ವೈದ್ಯರಿಗೆ ತಿಳಿಸದೆ ಕೊಡಬಾರದು. ಸ್ನಾಯುವಿಗೆ ಯಾವ ಚುಚ್ಚುಮದ್ದು ಹಾಕುವ ಮೊದಲೂ ಮಗು ವಾರ್ಫರಿನ್ ಮೇಲಿದೆಯೆಂದು ಹೇಳಬೇಕು, ಪೆನಿಸಿಲಿನ್ ಚುಚ್ಚುಮದ್ದಾದರೂ ಸರಿ. ಕಾರಣ ತಿಳಿಯದ ಜ್ವರ ಕೆಲವು ದಿನ ನಿಂತರೆ ಸುಮ್ಮನೆ ಗುಳಿಗೆ ನುಂಗಿಸದೆ ಆಸ್ಪತ್ರೆಗೆ ಕಳಿಸಬೇಕು. ಹುಳುಕು ಹಲ್ಲಿನಿಂದ ಹೊರಟ ಸೂಕ್ಷ್ಮಾಣು ಕವಾಟದ ಮೇಲೆ ನೆಲೆಸಿದರೆ ಅದರ ತುಣುಕೂ ಮೆದುಳಿಗೆ ಹಾರಬಲ್ಲದು.

ಬಾಲಕಿಯರ ವಿಷಯದಲ್ಲಿ ಇನ್ನೊಂದು ಮಾತನ್ನು ಸಂಕೋಚವಿಲ್ಲದೆ ಹೇಳಬೇಕು. ಋತುಸ್ರಾವ ಆರಂಭವಾದಾಗ ಅದು ಅತಿಯಾಗಬಹುದು. ಶಿಕ್ಷಕಿಯರಿಗೆ ಇದು ತಿಳಿದಿರಬೇಕು. ಹಾಗೆಯೇ ವಾರ್ಫರಿನ್ ಗರ್ಭದ ಮೊದಲ ತಿಂಗಳುಗಳಲ್ಲಿ ಶಿಶುವಿಗೆ ಹಾನಿ ಮಾಡಬಲ್ಲದು. ಆದರೆ ಭಯದಿಂದ ತಾನಾಗಿ ಗುಳಿಗೆ ನಿಲ್ಲಿಸಿದರೆ ತಾಯಿಗೇ ಪ್ರಾಣಾಪಾಯ. ಶಾಲೆ ಬಿಡಿಸಿ ಬೇಗ ಮದುವೆ ಮಾಡುವ ವಿಚಾರ ಮನೆಯಲ್ಲಿ ಎದ್ದರೆ ಈ ಸಂಗತಿಯನ್ನು ತಂದೆತಾಯಿಗಳಿಗೆ ಹೇಳಬಲ್ಲವರು ಶಿಕ್ಷಕಿಯರೇ.

ಇಷ್ಟೆಲ್ಲ ಎಚ್ಚರದ ಮೇಲೂ ಪಾರ್ಶ್ವವಾಯು ಬರಬಹುದು. ತರಗತಿಯಲ್ಲಿ ಅದರ ಗುರುತೇನು? ಬರೆಯುತ್ತಿದ್ದ ಮಗುವಿನ ಕೈಯಿಂದ ಪೆನ್ನು ಜಾರುತ್ತದೆ, ಎತ್ತಿಕೊಂಡರೆ ಮತ್ತೆ ಜಾರುತ್ತದೆ. ಮುಖ ಒಂದು ಬದಿಗೆ ಸೊಟ್ಟಗಾಗುತ್ತದೆ. ಮಾತು ತೊದಲುತ್ತದೆ, ಅಥವಾ ಕೇಳಿದ್ದು ಅರ್ಥವಾಗದಂತೆ ಮಗು ದಿಟ್ಟಿಸುತ್ತದೆ. ಒಂದು ಕಾಲು ಎಳೆಯುತ್ತದೆ. ಇದ್ದಕ್ಕಿದ್ದಂತೆ ಸಹಿಸಲಾರದ ತಲೆನೋವು, ವಾಂತಿ, ಮಂಪರು. ಮಕ್ಕಳಲ್ಲಿ ವಿಶೇಷವೆಂದರೆ ಪಾರ್ಶ್ವವಾಯು ಫಿಟ್ಸ್ ರೂಪದಲ್ಲೇ ಮೊದಲು ಕಾಣಿಸಿಕೊಳ್ಳಬಹುದು. ಆಗ ಕೈಗೆ ಕಬ್ಬಿಣ ಕೊಡುವವರು, ಗಾಳಿ ಸೋಂಕಿತೆಂದು ತಾಯಿತ ಹುಡುಕುವವರು ನಮ್ಮಲ್ಲಿ ಇಂದಿಗೂ ಇದ್ದಾರೆ. ಹತ್ತು ನಿಮಿಷದಲ್ಲಿ ಎಲ್ಲ ಸರಿಹೋದಂತೆ ಕಂಡರೂ ಸುಮ್ಮನಿರಬಾರದು. ಅದು ದೊಡ್ಡ ಆಘಾತದ ಮುನ್ಸೂಚನೆಯಾಗಿರಬಹುದು.

ಮಗುವನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ನೀರನ್ನಾಗಲಿ ಗುಳಿಗೆಯನ್ನಾಗಲಿ ಹಾಕದೆ, ಗುರುತು ಕಂಡ ಗಳಿಗೆಯನ್ನು ಗಡಿಯಾರ ನೋಡಿ ಬರೆದುಕೊಂಡು, 108ಕ್ಕೆ ಕರೆ ಮಾಡಬೇಕು. ಹೆಪ್ಪೆಂದು ತಾವೇ ತೀರ್ಮಾನಿಸಿ ಆಸ್ಪಿರಿನ್ ಕೊಡುವುದು ಅಪಾಯಕರ, ಏಕೆಂದರೆ ಒಳಗೆ ನಡೆದಿರುವುದು ಸ್ರಾವವಾಗಿರಬಹುದು. ಎರಡನ್ನೂ ಬೇರ್ಪಡಿಸಿ ತೋರಿಸುವುದು ಸಿ.ಟಿ. ಅಥವಾ ಎಂ.ಆರ್.ಐ. ಸ್ಕ್ಯಾನ್ ಮಾತ್ರ. ಆದುದರಿಂದ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಒಯ್ಯಬೇಕು. ಹೆಪ್ಪು ದೊಡ್ಡ ನಾಳವನ್ನು ಮುಚ್ಚಿದ್ದರೆ ತೊಡೆಯ ರಕ್ತನಾಳದಿಂದ ಸಣ್ಣ ನಳಿಕೆ ತೂರಿಸಿ ಅದನ್ನು ಎಳೆದು ತೆಗೆಯುವ ವಿಧಾನ ದೊಡ್ಡ ಕೇಂದ್ರಗಳಲ್ಲಿದೆ. ಆದರೆ ಅದರ ಫಲವೆಲ್ಲ ಕಳೆದ ಗಂಟೆಗಳ ಮೇಲೆ ನಿಂತಿದೆ. ಕರೆ ಮಾಡುವವರು "ಹುಡುಗಿ ಬಿದ್ದಿದ್ದಾಳೆ" ಎಂದರೆ ಸಾಲದು. "ಎದೆಯಲ್ಲಿ ಕೃತಕ ಕವಾಟವಿದೆ, ವಾರ್ಫರಿನ್ ತೆಗೆದುಕೊಳ್ಳುತ್ತಾಳೆ, ಇಷ್ಟು ಗಂಟೆಗೆ ಬಲಗೈ ಸೋತಿತು" ಎಂಬ ಮಾತು ವೈದ್ಯರ ಅರ್ಧ ಕೆಲಸ ಮುಗಿಸುತ್ತದೆ.

ಶಾಲೆಯಿಂದ ಆಗಬಹುದಾದ ಕಾರ್ಯ ದೊಡ್ಡ ಖರ್ಚಿನದಲ್ಲ. ಬೆರಳ ತುದಿಯ ಒಂದು ಹನಿ ರಕ್ತದಿಂದ ಐ.ಎನ್.ಆರ್. ತೋರಿಸುವ, ಅಂಗೈಯಲ್ಲಿ ಹಿಡಿಯುವ ಯಂತ್ರಗಳು ಈಗ ದೊರೆಯುತ್ತವೆ. ಕಟ್ಟಡಕ್ಕೆ ಕಲ್ಲು ಹಾಕಿಸುವ ದಾನಿಗಳು ಇಂಥ ಯಂತ್ರವೊಂದನ್ನೂ ಅದರ ಪಟ್ಟಿಗಳ ವಾರ್ಷಿಕ ವೆಚ್ಚವನ್ನೂ ವಹಿಸಿಕೊಂಡು, ಸ್ಥಳೀಯ ಆರೋಗ್ಯ ಕೇಂದ್ರದ ವೈದ್ಯರ ಮೇಲ್ವಿಚಾರಣೆಯಲ್ಲಿ ಇರಿಸಿದರೆ, ಆ ತಂದೆಯ ಧಾರವಾಡದ ಪ್ರಯಾಣಗಳಲ್ಲಿ ಬಹುಪಾಲು ಉಳಿಯುತ್ತದೆ. ಮನೆಯಲ್ಲೇ ಇಂಥ ಯಂತ್ರದಿಂದ ಅಳೆದುಕೊಳ್ಳುವ ಪದ್ಧತಿ ಪಾಶ್ಚಾತ್ಯ ದೇಶಗಳ ಮಕ್ಕಳಲ್ಲಿ ರೂಢಿಗೆ ಬಂದು ಬಹುಕಾಲವಾಯಿತು. ಪ್ರಸಾದ ನಿಲಯದಲ್ಲಿರುವ ಮಗುವಿಗೆ ರಾತ್ರಿಯ ಊಟದ ಪಂಕ್ತಿಯ ಹೊತ್ತಿಗೇ ಮೇಲ್ವಿಚಾರಕರು ಕೈಯಾರೆ ಗುಳಿಗೆ ಕೊಟ್ಟು ವಹಿಯಲ್ಲಿ ಗುರುತು ಹಾಕಬಹುದು. ಒಂದು ದಿನ ಮರೆತರೆ ಮರುದಿನ ಎರಡು ಕೊಡಬಾರದು, ಮರೆತದ್ದನ್ನು ಬರೆದಿಡಬೇಕು.

ಆ ವಹಿಯಲ್ಲಿ ಒಂದು ಪುಟ ಹೀಗಿರಲಿ: ಮಗುವಿನ ಹೆಸರು, ತೂಕ, ರಕ್ತದ ಗುಂಪು, ಬದಲಿಸಿದ ಕವಾಟ ಯಾವುದು, ಯಾವ ದಿನಾಂಕ, ಯಾವ ಆಸ್ಪತ್ರೆ, ವೈದ್ಯರು ಗೊತ್ತುಮಾಡಿದ ಐ.ಎನ್.ಆರ್. ಮಿತಿ, ಈಗಿನ ಗುಳಿಗೆಯ ಅಳತೆ, ಕಳೆದ ಪರೀಕ್ಷೆಯ ದಿನ ಮತ್ತು ಅಂಕಿ, ಮುಂದಿನ ಪರೀಕ್ಷೆಯ ದಿನ. ಹತ್ತನೆಯ ತರಗತಿ ಮುಗಿದು ವರ್ಗಾವಣೆ ಪತ್ರ ಕೊಡುವ ದಿನ ಈ ಪುಟದ ಪ್ರತಿಯೊಂದನ್ನೂ ಜೊತೆಗೆ ಕೊಡಬೇಕು. ಮುಂದಿನ ಕಾಲೇಜು ಧಾರವಾಡದಲ್ಲಿರಲಿ, ಕಾರವಾರದಲ್ಲಿರಲಿ, ಅಲ್ಲಿಯ ವಸತಿನಿಲಯದವರಿಗೆ ಮೊದಲ ದಿನವೇ ಅದು ಬೇಕಾಗುತ್ತದೆ.